ಬದು ಸರಿಸಿದರೆ ಸಾಲದು, ಸಾಲೂ ಹೊಡೆಯಬೇಕು

ಪರಶುರಾಂಪುರದ ಒಂದು ಝೆರಾಕ್ಸ್ ಅಂಗಡಿ ಎಂದುಕೊಳ್ಳಿ. ಬೆಳೆ ವಿಮೆ ಅರ್ಜಿಯ ದಿನಗಳು. ಪಹಣಿ, ಆಧಾರ್, ಪಾಸ್‌ಬುಕ್‌ಗಳ ಸ್ಕ್ಯಾನ್ ತುಂಬಿ ಉಬುಂಟು ಕಂಪ್ಯೂಟರಿನ 120 ಜಿಬಿ ಡಿಸ್ಕ್ ಭರ್ತಿಯಾಗಿದೆ. ಚಳ್ಳಕೆರೆಯಿಂದ 480 ಜಿಬಿಯ ಎಸ್‌ಎಸ್‌ಡಿ ತಂದು, ಹಳೆಯದನ್ನು ಇದ್ದ ಹಾಗೇ ನಕಲು ಮಾಡಿದ್ದಾಯಿತು. ಆನ್ ಮಾಡಿದರೆ ‘ಜಾಗ ಇಲ್ಲ’ ಎಂಬ ಅದೇ ರಾಗ. ದುಡ್ಡು ಕೊಟ್ಟ 360 ಜಿಬಿ ಎಲ್ಲಿ?

ಎಲ್ಲೂ ಹೋಗಿಲ್ಲ, ಬೀಳು ಬಿದ್ದಿದೆ. ಶೇಂಗಾ ಹೊಲ ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಡಿಸ್ಕ್ ಎಂದರೆ ಜಮೀನು. ಪಾರ್ಟಿಷನ್ ಎಂದರೆ ಅದರಲ್ಲಿ ಬದು ಹಾಕಿದ ಹೊಲ. ಬದು ಎಲ್ಲಿಂದ ಎಲ್ಲಿಗೆ ಎಂದು ಬರೆದಿಟ್ಟ ಸರ್ವೆ ನಕ್ಷೆಯೇ ಪಾರ್ಟಿಷನ್ ಟೇಬಲ್. ಫೈಲ್ ಸಿಸ್ಟಮ್ ಎಂದರೆ ಹೊಲದೊಳಗಿನ ಸಾಲು. ಬೀಳು ಸೇರಿಸಿಕೊಳ್ಳಲು ಮೊದಲು ಬದು ಸರಿಸಬೇಕು, ಆಮೇಲೆ ಸಾಲು ಮುಂದುವರಿಸಬೇಕು.

ಕೈ ಹಾಕುವ ಮುನ್ನ ಮುಖ್ಯ ಫೈಲುಗಳನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ನಡುವೆ ಕರೆಂಟು ಹೋಗದಂತೆ ಯುಪಿಎಸ್ ಇರಲಿ.

ಅಳತೆ: ‘ಎಲ್‌ಎಸ್‌ಬಿಎಲ್‌ಕೆ’ ಆದೇಶ ಡಿಸ್ಕನ್ನೂ ಪಾರ್ಟಿಷನ್‌ಗಳನ್ನೂ ತೋರಿಸುತ್ತದೆ, ‘ಡಿಎಫ್’ ಫೈಲ್ ಸಿಸ್ಟಮ್ಮಿನ ಅಳತೆ ಹೇಳುತ್ತದೆ. ಖಾಲಿ ಜಾಗ ನಿಮ್ಮ ಪಾರ್ಟಿಷನ್‌ಗೆ ಬಲಕ್ಕೆ ಅಂಟಿಕೊಂಡೇ ಇರಬೇಕು. ನಡುವೆ ಸ್ವಾಪ್ ಪಾರ್ಟಿಷನ್ ಕೂತಿದ್ದರೆ ಮೊದಲು ಅದನ್ನು ನಿಲ್ಲಿಸಿ ತೆಗೆಯಬೇಕು. ಬದಲಿಗೆ ಸ್ವಾಪ್ ಫೈಲ್ ಸಾಕು.

ಬದು: ‘ಗ್ರೋಪಾರ್ಟ್’ಗೆ ಡಿಸ್ಕಿನ ಹೆಸರು, ಜಾಗ ಬಿಟ್ಟು ಪಾರ್ಟಿಷನ್ ಸಂಖ್ಯೆ ಕೊಡಿ. ಪಾರ್ಟಿಷನ್ ಟೇಬಲ್ ಜಿಪಿಟಿ ಬಗೆಯದಾದರೆ ಅದರ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರಬೇಕು. ನಕಲಾದ ಡಿಸ್ಕಿನಲ್ಲಿ ಅದು 120 ಜಿಬಿ ಗಡಿಯಲ್ಲೇ ಉಳಿದಿರುತ್ತದೆ. ಗ್ರೋಪಾರ್ಟ್ ಅದನ್ನೂ ಕೊನೆಗೆ ಒಯ್ಯುತ್ತದೆ. ಎಫ್‌ಡಿಸ್ಕ್‌ನಲ್ಲಿ ಕೈಯಾರೆ ಮಾಡುವವರು ಪಾರ್ಟಿಷನ್ ಅಳಿಸಿ ಮತ್ತೆ ಬರೆಯುತ್ತಾರೆ. ಆಗ ಶುರುವಿನ ಸೆಕ್ಟರ್ ಮೊದಲಿದ್ದದ್ದೇ ಇರಬೇಕು. 2048 ಇದ್ದರೆ 2048. ಒಂದು ಅಂಕಿ ತಪ್ಪಿದರೂ ಫೈಲ್ ಸಿಸ್ಟಮ್ ಕಾಣೆ. ಹಳೆಯ ಸಿಗ್ನೇಚರ್ ಅಳಿಸಲೇ ಎಂದು ಕೇಳಿದರೆ ‘ಬೇಡ’ ಎನ್ನಿ.

ಸಾಲು: ಫೈಲ್ ಸಿಸ್ಟಮ್ ಎಕ್ಸ್‌ಟಿ4 ಆದರೆ ‘ರೀಸೈಜ್2ಎಫ್‌ಎಸ್’. ಅಳತೆ ಕೊಡದಿದ್ದರೆ ಪಾರ್ಟಿಷನ್ ತುಂಬ ಹಬ್ಬುತ್ತದೆ. ಕಂಪ್ಯೂಟರ್ ನಡೆಯುತ್ತಿರುವಾಗಲೇ ಮಾಡಬಹುದು. ಕಾರಣವಿದೆ: ಎಕ್ಸ್‌ಟಿ4 ಜಾಗವನ್ನು ಸಾಮಾನ್ಯವಾಗಿ 128 ಎಂಬಿಯ ತಾಕುಗಳಾಗಿ ಹಂಚಿಕೊಂಡಿರುತ್ತದೆ, ಬೆಳೆಯುವಾಗ ಹೊಸ ತಾಕುಗಳನ್ನು ಕೊನೆಗೆ ಜೋಡಿಸುತ್ತದೆ. ಹಳೆಯ ಫೈಲುಗಳು ಇದ್ದಲ್ಲೇ ಇರುತ್ತವೆ. ಎಕ್ಸ್‌ಎಫ್‌ಎಸ್ ಆದರೆ ‘ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್’. ಇದಕ್ಕೆ ಮೌಂಟ್ ಆದ ಜಾಗದ ಹೆಸರು ಕೊಡಬೇಕು. ಎಲ್‌ವಿಎಂ ಇದ್ದರೆ ನಡುವೆ ‘ಪಿವಿರೀಸೈಜ್’, ‘ಎಲ್‌ವಿಎಕ್ಸ್‌ಟೆಂಡ್’ ಎಂಬ ಎರಡು ಮೆಟ್ಟಿಲು ಹೆಚ್ಚು. ಆದೇಶ ಟೈಪಿಸಲು ಅಳುಕಿದ್ದರೆ ಜಿಪಾರ್ಟೆಡ್‌ನಲ್ಲಿ ಮೌಸ್‌ನಿಂದ ಎಳೆದರೆ ಬದು, ಸಾಲು ಎರಡನ್ನೂ ಅದೇ ನೋಡಿಕೊಳ್ಳುತ್ತದೆ.

ಮತ್ತೆ ‘ಡಿಎಫ್ -ಎಚ್’ ಕೊಟ್ಟರೆ 440ರ ಆಸುಪಾಸು ಕಾಣುತ್ತದೆ, 480 ಅಲ್ಲ. ಯಾರೂ ಕದ್ದಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಮಾರುತ್ತದೆ, ಲಿನಕ್ಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಹಾಗಾಗಿ 480 ಎಂದರೆ 447. ಉಳಿದದ್ದು ಫೈಲ್ ಸಿಸ್ಟಮ್ಮಿನ ಸ್ವಂತ ಲೆಕ್ಕಪತ್ರಕ್ಕೆ.

ಮುಂದೆಂದಾದರೂ ಎಕ್ಸ್‌ಟಿ4 ಪಾರ್ಟಿಷನ್ ಕುಗ್ಗಿಸಬೇಕಾಗಿ ಬಂದರೆ ಕ್ರಮ ತಿರುಗುಮುರುಗು: ಅನ್‌ಮೌಂಟ್ ಮಾಡಿ, ಸಾಲು ಹಿಂದೆಗೆದು, ಆಮೇಲೆ ಬದು. ನಿಂತ ಪೈರಿನ ಮೇಲೆ ಬದು ಹಾಕಿದರೆ ಆಚೆ ಉಳಿದದ್ದು ನಮ್ಮದಲ್ಲ.