ಧರ್ಮವನ್ನು ಪ್ರಶ್ನಿಸಿದರೆ ಅಪರಾಧವೇ?

ಯಾವುದೋ ಪುಸ್ತಕದ ಮೇಲೆ ಪೊಲೀಸ್ ದೂರು ದಾಖಲಾದಾಗಲೆಲ್ಲ ಬಸವನಗುಡಿಯ ಪಾರ್ಕಿನಿಂದ ಹಿಡಿದು ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಅಂಗಳದವರೆಗೆ ಅವೇ ಕೆಲವು ಮಾತುಗಳು ಕೇಳಿಬರುತ್ತವೆ. ಹೇಳುವವರು ಒಳ್ಳೆಯವರೇ. ಆದರೆ ಆ ಮಾತುಗಳಲ್ಲಿ ಹೆಚ್ಚಿನವು ತಪ್ಪು, ಕೆಲವು ಅಪಾಯಕಾರಿ.

ತಪ್ಪು ಕಲ್ಪನೆ: ಧರ್ಮವನ್ನು ಟೀಕಿಸುವುದೇ ಕಾನೂನಿಗೆ ವಿರುದ್ಧ.

ಅಲ್ಲ. ಮಾತಿಗೆ ಯಾವ ಕಾರಣಕ್ಕೆ ಕಡಿವಾಣ ಹಾಕಬಹುದು ಎಂಬುದನ್ನು ಸಂವಿಧಾನದ 19(2)ನೇ ವಿಧಿ ಹೆಸರಿಸಿ ಹೇಳಿದೆ: ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನನಷ್ಟ ಮುಂತಾದವು. ಧಾರ್ಮಿಕ ಭಾವನೆ ಆ ಪಟ್ಟಿಯಲ್ಲಿಲ್ಲ. ಧಾರ್ಮಿಕ ಭಾವನೆಗೆ ಧಕ್ಕೆ ಎಂದಾಗಲೆಲ್ಲ ಎಲ್ಲರ ಬಾಯಲ್ಲಿ ಬರುವ ಭಾರತೀಯ ದಂಡ ಸಂಹಿತೆಯ 295ಎ ಕಲಂ ಬಂದದ್ದು 1927ರಲ್ಲಿ, ಬ್ರಿಟಿಷರ ಕಾಲದಲ್ಲಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ. ಗರಿಷ್ಠ ಶಿಕ್ಷೆ 3 ವರ್ಷ ಸೆರೆವಾಸ. ಅದು ತಾಗುವುದು ಬೇಕೆಂದೇ, ದುರುದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ, ಎಲ್ಲ ಬಗೆಯ ನಿಂದನೆಗೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಹೇಳಿದೆ. ಸರ್ಕಾರದ ಅನುಮತಿ ಇಲ್ಲದೆ ನ್ಯಾಯಾಲಯ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವಂತೆಯೂ ಇಲ್ಲ. ಬಂಧನಕ್ಕೆ ಮಾತ್ರ ಈ ತಡೆ ಇಲ್ಲ. 2013ರಲ್ಲಿ 'ಢುಂಢಿ' ಕಾದಂಬರಿಗಾಗಿ ಯೋಗೇಶ್ ಮಾಸ್ಟರ್ ಅವರನ್ನು ಬೆಂಗಳೂರಿನಲ್ಲಿ ಬಂಧಿಸಿದ್ದು ತೀರ್ಪಿನ ಮೇಲಲ್ಲ, ದೂರಿನ ಮೇಲೆ. ಕೇಸು ಬಿದ್ದಿದೆ ಎಂದಾಕ್ಷಣ ತಪ್ಪು ಮಾಡಿದ್ದಾರೆ ಎಂದು ನಾವು ತೀರ್ಮಾನಿಸಿಬಿಡುವುದು ಇಲ್ಲಿಂದಲೇ.

ತಪ್ಪು ಕಲ್ಪನೆ: ಧರ್ಮವನ್ನು ಪ್ರಶ್ನಿಸುವುದೆಲ್ಲ ಹೊರಗಿನಿಂದ ಬಂದ ಚಾಳಿ, ನಮ್ಮ ಸಂಸ್ಕೃತಿಯದಲ್ಲ.

ಹನ್ನೆರಡನೆಯ ಶತಮಾನದ ವಚನಕಾರರನ್ನು ಹೊತ್ತು ಮೆರೆಸುವ ನಾಡಿನಲ್ಲಿ ಈ ಮಾತು ಹೇಗೆ ನಿಲ್ಲುತ್ತದೋ ನನಗೆ ತಿಳಿಯದು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಖಾದಿ ಉಟ್ಟ ಗಾಂಧಿವಾದಿ, 1942ರ ಚಳವಳಿಯಲ್ಲಿ ಜೈಲು ಕಂಡವರು, ಭೌತಶಾಸ್ತ್ರದ ಮೇಷ್ಟ್ರು, ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಸವೆಸಿದ ಬ್ರಹ್ಮಚಾರಿ. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದವರು ಅವರೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು, ತಮ್ಮ ಪವಾಡಗಳನ್ನು ಸಮಿತಿಯ ಮುಂದೆ ತೋರಿಸಿ ಎಂದು ಕೇಳಿದರು. ಉತ್ತರ ಬರಲಿಲ್ಲ, ಭಕ್ತರ ಸಿಟ್ಟು ಮಾತ್ರ ಸಾಕಷ್ಟು ಬಂತು. ಅವರು ಯಾರನ್ನೂ ಬೈದಿರಲಿಲ್ಲ, ಸಾಕ್ಷ್ಯ ಕೇಳಿದ್ದರು. ಅದೇ ವರ್ಷ 42ನೇ ತಿದ್ದುಪಡಿ ಸಂವಿಧಾನಕ್ಕೆ 51ಎ(ಎಚ್) ವಿಧಿಯನ್ನು ಸೇರಿಸಿ, ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸುವ ಗುಣವನ್ನೂ ಬೆಳೆಸುವುದು ಪ್ರಜೆಯ ಕರ್ತವ್ಯ ಎಂದಿತು. ಹಾಗಾದರೆ ಮೇಷ್ಟ್ರು ಮಾಡಿದ್ದು ಕರ್ತವ್ಯಪಾಲನೆ.

ತಪ್ಪು ಕಲ್ಪನೆ: ಲೇಖಕ ಏನು ಬರೆದರೂ ನಡೆಯುತ್ತದೆ, ನ್ಯಾಯಾಲಯ ಅವನ ಪರವಾಗಿಯೇ ಇರುತ್ತದೆ.

ಇದೂ ಸುಳ್ಳು. ಬಸವಣ್ಣನವರ ಬದುಕಿನ ಮೇಲೆ ಪಿ.ವಿ. ನಾರಾಯಣ ಅವರು ಬರೆದ 'ಧರ್ಮಕಾರಣ' ಕಾದಂಬರಿಗೆ ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಬಸವಣ್ಣನವರ ಸೋದರಿ ಅಕ್ಕನಾಗಮ್ಮನವರ ಚಿತ್ರಣದ ಬಗ್ಗೆ ಆಕ್ಷೇಪ ಎದ್ದಿತು, ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೆ ಹೋದರೂ 2007ರಲ್ಲಿ ನ್ಯಾಯಾಲಯ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ತೀರ್ಪನ್ನು ಗೌರವಿಸುತ್ತಲೇ ಹೇಳುತ್ತೇನೆ: ಕಾದಂಬರಿಗೆ ವಿಮರ್ಶೆ ಉತ್ತರವಾಗಬೇಕಿತ್ತು, ಮುಟ್ಟುಗೋಲಲ್ಲ.

ತಪ್ಪು ಕಲ್ಪನೆ: ಒಂದು ಧರ್ಮದವರು ಮಾತ್ರ ಸಹಿಸಿಕೊಳ್ಳಬೇಕು, ಉಳಿದವರಿಗೆ ವಿನಾಯಿತಿ.

1927ರ ಕಾನೂನು ಹುಟ್ಟಿದ್ದು ಪ್ರವಾದಿಯವರನ್ನು ಕುರಿತ 'ರಂಗೀಲಾ ರಸೂಲ್' ಪುಸ್ತಿಕೆಯ ಗಲಾಟೆಯಲ್ಲಿ. 1986ರ ಡಿಸೆಂಬರಿನಲ್ಲಿ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯಲ್ಲಿ ಬಂದ ಒಂದು ಕಥೆಯ ಶೀರ್ಷಿಕೆಯೇ ಬೆಂಗಳೂರಿನ ಬೀದಿಗಳಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಅದಕ್ಕೂ ಮೊದಲು, 1970ರಲ್ಲಿ, ಅಗ್ರಹಾರದ ಬದುಕನ್ನು ಪ್ರಶ್ನಿಸಿದ 'ಸಂಸ್ಕಾರ' ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನೇ ಕೊಡಲಿಲ್ಲ. ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಲಿಂಗಾಯತ, ಮುಸ್ಲಿಂ, ಬ್ರಾಹ್ಮಣ: ನೊಂದುಕೊಳ್ಳುವುದರಲ್ಲಿ ಇಲ್ಲಿ ಯಾರೂ ಹಿಂದೆ ಬಿದ್ದಿಲ್ಲ.

ತಪ್ಪು ಕಲ್ಪನೆ: ಹಾಗೆಲ್ಲ ಬರೆದರು, ಅದಕ್ಕೇ ಹಾಗಾಯಿತು.

ಎಲ್ಲಕ್ಕಿಂತ ಕ್ರೂರವಾದ ಮಾತು ಇದು. ವಚನ ಸಾಹಿತ್ಯಕ್ಕೆ ಜೀವ ತೇಯ್ದ ಎಂ.ಎಂ. ಕಲಬುರ್ಗಿಯವರು 1989ರಲ್ಲಿ, 'ಮಾರ್ಗ' ಸಂಪುಟದ ತಮ್ಮ ಮಾತುಗಳನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡಿದ್ದರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯ ಬಾಗಿಲಲ್ಲೇ ಅವರಿಗೆ ಗುಂಡಿಕ್ಕಿದರು. 2017ರ ಸೆಪ್ಟೆಂಬರ್ 5ರ ಸಂಜೆ ಪತ್ರಕರ್ತೆ ಗೌರಿ ಲಂಕೇಶ್ ಬಸವನಗುಡಿಯ ತಮ್ಮ ಪತ್ರಿಕಾ ಕಚೇರಿಯಿಂದ ರಾಜರಾಜೇಶ್ವರಿ ನಗರದ ಮನೆಗೆ ಹೋದರು. ಗೇಟಿನ ಬಳಿಯೇ ಅವರ ಕೊಲೆಯಾಯಿತು. ಮರುದಿನ ಚಾಮರಾಜಪೇಟೆಯ ರುದ್ರಭೂಮಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅವರ ಅಂತ್ಯಕ್ರಿಯೆ ನಡೆಯಿತು. ಅವರ ಬರಹ ಒಪ್ಪದವರು ಬಹಳ ಮಂದಿ ಇದ್ದರು, ಒಪ್ಪಬೇಕಾಗಿಯೂ ಇರಲಿಲ್ಲ. ಮಾನನಷ್ಟವಾಯಿತು ಎಂದವರು ಅವರ ಮೇಲೆ ನ್ಯಾಯಾಲಯಕ್ಕೆ ಹೋಗಿದ್ದರು. ಅದು ಅವರ ಹಕ್ಕು. ಕೊಂದವರು ಆ ದಾರಿಯನ್ನೇ ಬೇಡವೆಂದವರು. ತಪ್ಪನ್ನು ಬರೆದವರ ಮೇಲೆ ಹೊರಿಸಿದಷ್ಟೂ ಗುಂಡು ಹಾರಿಸಿದವರ ಹೊರೆ ಹಗುರವಾಗುತ್ತದೆ.

ಮುಂದಿನ ಸಲ ಯಾವುದಾದರೂ ಪುಸ್ತಕವನ್ನು ನಿಷೇಧಿಸಿ ಎಂಬ ಮನವಿಗೆ ನಿಮ್ಮ ಸಹಿ ಕೇಳಿ ಯಾರಾದರೂ ಬಂದರೆ, ಅವರು ತೋರಿಸುವ ಒಂದು ಪುಟದ ಮೇಲೆ ತೀರ್ಮಾನ ಮಾಡಬೇಡಿ. ಪುಸ್ತಕವನ್ನು ಪೂರ್ತಿ ಓದಿ. ಆಮೇಲೂ ಸಿಟ್ಟು ಬಂದರೆ, ದಯವಿಟ್ಟು ಉತ್ತರ ಬರೆಯಿರಿ.