ಬಿಗಿದಷ್ಟೂ ಸೋರಿದ ಎಣ್ಣೆ

ಮೋಟಾರು ಕಾರಿನ ಎಂಜಿನ್ನಿನ ನೆತ್ತಿಯ ಮೇಲೆ ಒಂದು ಮುಚ್ಚಳವಿರುವುದನ್ನು ವಾಚಕರು ನೋಡಿರಬಹುದು. ಅದರ ಕೆಳಗೆ ಕವಾಟಗಳನ್ನು ಆಡಿಸುವ ಸನ್ನೆಗಳು ಕೀಲೆಣ್ಣೆಯಲ್ಲಿ ಮೀಯುತ್ತ ಕುಣಿಯುತ್ತಿರುತ್ತವೆ. ನಮ್ಮ ಹಳೆಯ ಕಾರಿನಲ್ಲಿ ಈ ಮುಚ್ಚಳವು ತೆಳುವಾದ ಉಕ್ಕಿನ ತಗಡಿನದು. ಎಣ್ಣೆ ಹೊರಬಾರದಂತೆ ಮುಚ್ಚಳದ ಅಂಚಿನಡಿ ಬೆಂಡಿನ ಪಟ್ಟಿಯೊಂದನ್ನು ಇಟ್ಟಿರುತ್ತಾರೆ, ಅದೇ ಗ್ಯಾಸ್ಕೆಟ್. ವರ್ಷಗಳ ಕಾವಿಗೆ ಅದು ಒಣಗಿ ಬಿರಿದು, ದಿನಕ್ಕೆ ನಾಲ್ಕಾರು ಹನಿ ಸೋರತೊಡಗಿತ್ತು. ಕೂಲಿಯನ್ನು ಉಳಿಸುವ ಆಸೆಯಿಂದ ಒಂದು ಭಾನುವಾರ ನಾವೇ ಹೊಸದನ್ನು ಕೂರಿಸಿದೆವು. ಸೋಮವಾರ ಬೆಳಗ್ಗೆ ನೋಡಿದರೆ ಕಾರಿನಡಿ ಅಂಗೈಯಗಲ ಎಣ್ಣೆ!

ಬೋಲ್ಟು ಸಡಿಲವಾಗಿರಬೇಕೆಂದು ಬಗೆದು ಇನ್ನಷ್ಟು ಬಿಗಿದೆವು. ಅಂದೇ ಸಂಜೆ ಏರುದಾರಿಯಲ್ಲಿ ಬಾನೆಟ್ಟಿನ ಸಂದಿಯಿಂದ ನೀಲಿ ಹೊಗೆ ಏಳತೊಡಗಿತು. ಸೋರಿದ ಎಣ್ಣೆ ಹೊಗೆಕೊಳವೆಯ ಮೇಲೆ ಬಿದ್ದು ಸುಡುತ್ತಿತ್ತು. ಇದು ನಗುವ ಮಾತಲ್ಲ. ಕೀಲೆಣ್ಣೆಯನ್ನು ಸುಮಾರು 200 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ಅದರ ಆವಿ ಕಿಡಿ ಸೋಕಿದೊಡನೆ ಹತ್ತಿಕೊಳ್ಳಬಲ್ಲದು. ಭಾರ ಎಳೆಯುವ ಎಂಜಿನ್ನಿನ ಹೊಗೆಕೊಳವೆಯಾದರೋ ಇದರ ಇಮ್ಮಡಿಗೂ ಮೀರಿ ಕಾಯಬಹುದು. ಕಾರನ್ನು ಅಲ್ಲೇ ನಿಲ್ಲಿಸಿ ನಡೆದೇ ಮನೆ ಸೇರಿದೆವು.

ಹೆಚ್ಚು ಬಿಗಿದರೆ ಹೆಚ್ಚು ಸೋರುವುದೇಕೆ? ಬೆಂಡಿನ ಒಡಲು ಗಾಳಿ ತುಂಬಿದ ಪುಟ್ಟ ಕೋಶಗಳ ರಾಶಿ. ಅದುಮಿದರೆ ರಬ್ಬರಿನಂತೆ ಅದು ಪಕ್ಕಕ್ಕೆ ಉಬ್ಬದೆ ಇದ್ದಲ್ಲಿಯೇ ಕುಗ್ಗುತ್ತದೆ, ಮರಳಿ ಏಳಲು ಹವಣಿಸುತ್ತದೆ. ಆ ಹವಣಿಕೆಯೇ ಎಣ್ಣೆಗೆ ಅಡ್ಡಗೋಡೆ. ಮಿತಿಮೀರಿ ಅದುಮಿದರೆ ಕೋಶಗಳು ಒಡೆದು ಪಟ್ಟಿ ಸತ್ತುಹೋಗುತ್ತದೆ. ತಗಡಿನ ಪಾಡು ಇನ್ನೂ ವಿಚಿತ್ರ. ಬೋಲ್ಟು ಇರುವೆಡೆ ಅದು ತಗ್ಗುತ್ತದೆ, ಎರಡು ಬೋಲ್ಟುಗಳ ನಡುವೆ ಕಮಾನಿನಂತೆ ಮೇಲೇಳುತ್ತದೆ. ಎಣ್ಣೆಗೆ ಆ ಕಮಾನೇ ಹೆಬ್ಬಾಗಿಲು. ನಮ್ಮ ಒಂದೊಂದು ತಿರುವೂ ಬಾಗಿಲನ್ನು ಅಗಲಿಸುತ್ತಿತ್ತು!

ಇಂಥ ಸಣ್ಣ ಬೋಲ್ಟಿಗೆ ಬೇಕಾದ ಬಲ ಎಷ್ಟು ಅಲ್ಪವೆಂದರೆ, ಸುಮಾರು 5 ನ್ಯೂಟನ್-ಮೀಟರ್. ಎಂದರೆ 10 ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ 5 ಕಿಲೋಗ್ರಾಂ ತೂಗುಹಾಕಿದಷ್ಟು. ನಮ್ಮ ಸ್ಪ್ಯಾನರಿನ ಹಿಡಿ 20 ಸೆಂಟಿಮೀಟರಿನದು. ಕೈಯ ಬಲ ಅಷ್ಟೇ ಇದ್ದರೂ ಪರಿಣಾಮ ಇಮ್ಮಡಿ. ಮೇಲಾಗಿ, ತಿರುಪಿನ ಎಳೆಗಳಿಗೆ ಎಣ್ಣೆ ಮೆತ್ತಿತ್ತು. ನಾವು ಹಾಕುವ ಬಲದ ಬಹುಪಾಲನ್ನು ಸಾಮಾನ್ಯವಾಗಿ ಘರ್ಷಣೆಯೇ ನುಂಗುತ್ತದೆ. ಎಣ್ಣೆಯಿಂದ ಘರ್ಷಣೆ ಕಡಮೆಯಾದಾಗ ಅದೇ ಬಲಕ್ಕೆ ಬೋಲ್ಟಿನ ಸೆಳೆತ ಇನ್ನೂ ಏರುತ್ತದೆ.

ಇಷ್ಟಾದರೂ ಊಹೆಯನ್ನು ಪರೀಕ್ಷಿಸದೆ ನಂಬಬಾರದಷ್ಟೆ. ಹನಿ ಬೀಳುವ ಸ್ಥಳವೇ ಸೋರುವ ಸ್ಥಳವಲ್ಲ. ಕಾದ ಎಣ್ಣೆ ತೆಳುವಾಗಿ ಹರಡಿ, ಗಾಳಿಯ ಹೊಡೆತಕ್ಕೆ ಹಿಂದಕ್ಕೆ ಜಾರಿ, ಎಲ್ಲೋ ತೊಟ್ಟಿಕ್ಕುತ್ತದೆ. ಮರುದಿನ ಕಾರನ್ನು ಮನೆಗೆ ಎಳೆಸಿ ತಂದು, ತಣ್ಣಗಿರುವಾಗಲೇ ಎಂಜಿನ್ನನ್ನು ಒರೆಸಿ ಒಣಗಿಸಿ, ಮುಚ್ಚಳದ ಅಂಚಿನ ಸುತ್ತ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ, ಹತ್ತು ನಿಮಿಷ ಎಂಜಿನ್ ಓಡಿಸಿದೆವು. ಬಿಳಿಯ ಪುಡಿಯಲ್ಲಿ ಕಂದು ಗೆರೆಗಳು ಮೂಡಿದುವು. ಎಲ್ಲವೂ ಬೋಲ್ಟುಗಳ ನಡುವೆಯೇ!

ಮುಚ್ಚಳವನ್ನು ಕಳಚಿ ಗಾಜಿನ ಹಲಗೆಯ ಮೇಲೆ ಬೋರಲಿಟ್ಟಾಗ ಅಂಚಿನಡಿ ಬೆಳಕು ಇಣುಕಿತು. ಅಂಚನ್ನು ಮರದ ತುಂಡಿನ ಮೇಲಿಟ್ಟು, ಬೋಲ್ಟಿನ ತೂತುಗಳ ಸುತ್ತ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಬೆಳಕು ಕಾಣದಾಗುವವರೆಗೆ ನೆಟ್ಟಗೆ ಮಾಡಿದೆವು. ಎಳೆಗಳನ್ನು ತೊಳೆದು ಒಣಗಿಸಿ, ಮತ್ತೊಂದು ಹೊಸ ಪಟ್ಟಿಯನ್ನಿಟ್ಟು, ನಡುವಿನಿಂದ ಕೊನೆಗಳ ಕಡೆಗೆ, ಮೂರು ಸುತ್ತುಗಳಲ್ಲಿ, ಗಿಡ್ಡ ಹಿಡಿಯಿಂದ ಬಿಗಿದೆವು.

ಮೂರು ದಿನ ಒಣಗಿತ್ತು. ನಾಲ್ಕನೆಯ ದಿನ ಹಿಂಬದಿಯ ಮೂಲೆಯಲ್ಲಿ ತೇವ. ಈ ಬಾರಿ ಸ್ಪ್ಯಾನರನ್ನು ಮುಟ್ಟಲಿಲ್ಲ. ಪಿಸ್ಟನ್ನಿನ ಉಂಗುರಗಳ ಸಂದಿನಿಂದ ಸ್ವಲ್ಪ ಅನಿಲ ಸದಾ ಕೆಳಕ್ಕೆ ನುಸುಳುತ್ತದೆ. ಅದು ಹೊರಹೋಗಲು ಎಂಜಿನ್ನಿಗೊಂದು ಉಸಿರುಗೊಳವೆಯಿದೆ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಎಲ್ಲಿ ದುರ್ಬಲವೋ ಅಲ್ಲಿ ಎಣ್ಣೆಯನ್ನು ಹೊರದೂಡುತ್ತದೆ. ಕೊಳವೆಯನ್ನು ಬಿಚ್ಚಿದಾಗ ಡಾಂಬರಿನಂಥ ಕಪ್ಪು ರಾಡಿ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮತ್ತೆ ತೊಡಿಸಿದೆವು. ಅಂದಿನಿಂದ ಕಾರಿನಡಿ ಹಾಸಿದ ವೃತ್ತಪತ್ರಿಕೆಯ ಮೇಲೆ ಒಂದು ಕಲೆಯೂ ಬಿದ್ದಿಲ್ಲ.