ಉತ್ತರಕ್ಕೆ ಹೋದರೆ ಹತ್ತಿರ

ಚಿಂತಾಮಣಿಗೆ ಸಮೀಪದ ಅಂಬಾಜಿದುರ್ಗದ ನೆತ್ತಿ ಸಮುದ್ರಮಟ್ಟಕ್ಕೆ ನಾಲ್ಕು ಸಾವಿರ ಅಡಿಗೂ ಮೇಲೆ. ಅಲ್ಲಿಂದ ನೇರ ಗೆರೆಯಲ್ಲಿ ಅಳೆದರೆ ದೇವನಹಳ್ಳಿಯ ವಿಮಾನ ನಿಲ್ದಾಣ ನೈಋತ್ಯಕ್ಕೆ ಸುಮಾರು 40 ಕಿಲೋಮೀಟರು. ದುರ್ಗದ ಸುತ್ತಿನ ಊರುಗಳಲ್ಲಿ ಮಗನೋ ಮಗಳೋ ಕ್ಯಾಲಿಫೋರ್ನಿಯದಲ್ಲಿರುವ ಮನೆಗಳು ಈಗ ಅಪರೂಪವಲ್ಲ. ಅಂಥ ಮನೆಯ ತಾಯಿಗೆ ಕಿಲೋಮೀಟರಿನ ಲೆಕ್ಕ ಬೇಕಿಲ್ಲ. ಮನೆಯಲ್ಲಿ ಹೆಚ್ಚುಕಡಮೆಯಾದರೆ ಮಗ ಎಷ್ಟು ಹೊತ್ತಿಗೆ ಬಾಗಿಲಿಗೆ ಬಂದಾನು ಎಂಬುದೇ ಆಕೆಯ ಅಳತೆ.

ಶಾಲೆಯ ಭೂಪಟದ ಮೇಲೆ ಬೆಂಗಳೂರಿನಿಂದ ಪೂರ್ವಾಭಿಮುಖವಾಗಿ, ಪೆಸಿಫಿಕ್ ಸಾಗರವನ್ನು ದಾಟಿಸಿ, ಸ್ಯಾನ್ ಫ್ರಾನ್ಸಿಸ್ಕೋಗೆ ಅಡ್ಡಗೆರೆ ಎಳೆದರೆ ಆ ದಾರಿ ಸುಮಾರು 16,100 ಕಿಲೋಮೀಟರು. ಆದರೆ ಭೂಗೋಳದ ಪ್ರತಿಕೃತಿಯ ಮೇಲೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿದು ನೋಡಿರಿ! ದಾರವು ಉತ್ತರಕ್ಕೆ ಸರಿದು, ಸೈಬೀರಿಯದ ಹಿಮಸಾಗರದ ಅಂಚನ್ನು ಸವರಿ, ಅತ್ತ ಇಳಿಯುತ್ತದೆ. ಅಳತೆ 14,000 ಕಿಲೋಮೀಟರಿಗೆ ತುಸು ಕಡಮೆ. ಈ ಎರಡು ನಗರಗಳು ಭೂಮಿಯ ಹೆಚ್ಚುಕಡಮೆ ಎದುರುಬದುರು ಪಕ್ಕಗಳಲ್ಲಿರುವುದೇ ಇದಕ್ಕೆ ಕಾರಣ. ಧ್ರುವದ ನೆತ್ತಿಯ ಮೇಲೆಯೇ ಹಾದುಹೋದರೂ ಹೆಚ್ಚಾಗುವುದು 400 ಕಿಲೋಮೀಟರಿಗಿಂತ ಕಡಮೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಈ ಧ್ರುವಮಾರ್ಗವಾಗಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ, ನಡುವೆ ಎಲ್ಲಿಯೂ ಇಳಿಯದೆ ಬಂದಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದವರು ನಾಲ್ವರೂ ಸ್ತ್ರೀಯರೇ. ಹತ್ತಿರದ ದಾರಿಯೆಂದ ಮಾತ್ರಕ್ಕೆ ಅದು ಸುಲಭದ ದಾರಿಯಲ್ಲ. ಧ್ರುವದ ಬಳಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಜೆಟ್ ವಿಮಾನಗಳ ಸಾಮಾನ್ಯ ಇಂಧನವು ಶೂನ್ಯಕ್ಕಿಂತ 47 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟತೊಡಗುವುದರಿಂದ ಅದರ ಉಷ್ಣತೆಯ ಮೇಲೆ ಸದಾ ಕಣ್ಣಿಟ್ಟಿರಬೇಕು. ಯಂತ್ರ ಕೆಟ್ಟರೆ ಇಳಿಯಲು ತಕ್ಕ ನಿಲ್ದಾಣ ಎಲ್ಲಿದೆಯೆಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಇನ್ನು ಕಾಲದ ಮಾತು. ಆ ವಿಮಾನ ಹೊರಟಿದ್ದು 9ನೆಯ ತಾರೀಖು ಶನಿವಾರ ರಾತ್ರಿ, ಅಲ್ಲಿನ ಗಡಿಯಾರದಲ್ಲಿ ಎಂಟೂವರೆಗೆ. ಬೆಂಗಳೂರಿನಲ್ಲಿ ಇಳಿದಾಗ 11ರ ಸೋಮವಾರದ ಮುಂಜಾವ, ಮೂರು ಗಂಟೆ ದಾಟಿತ್ತು. ಹಾರಿದ್ದು ಸುಮಾರು 17 ಗಂಟೆ ಮಾತ್ರ, ಭಾನುವಾರವೆಲ್ಲ ಆಕಾಶದಲ್ಲಿಯೇ ಕರಗಿಹೋಯಿತು! ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ.

ಹಿಂದಿರುಗುವಾಗ ಲೆಕ್ಕ ತಿರುಗುಮುರುಗು. ರಜೆ ಮುಗಿಸಿದ ಮಗ ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡೂವರೆಗೆ ನೇರ ವಿಮಾನವನ್ನೇರಿ 16 ಗಂಟೆ ಹಾರಿದನೆನ್ನಿ. ಅಲ್ಲಿ ಇಳಿದಾಗ ಅದೇ ದಿನದ ಸಂಜೆ ಐದು ಗಂಟೆ. ‘ಮುಟ್ಟಿದೆ, ಅಮ್ಮ’ ಎಂದು ಅವನು ಫೋನು ಮಾಡುವ ವೇಳೆಗೆ ಚಿಂತಾಮಣಿಯಲ್ಲಿ ಮರುದಿನದ ಬೆಳಗು. ಆಕೆ ಹಾಲು ಕಾಯಿಸಲು ಒಲೆ ಹಚ್ಚಿರುತ್ತಾಳೆ.